ಹೃದಯದ ತಾಳಕ್ಕೆ ಸೂಜಿಯ ಮದ್ದು?

1912ನೆಯ ಇಸವಿಯ ಮಾತು. ಹಾಲೆಂಡಿನ ಹೆಸರಾಂತ ಹೃದಯತಜ್ಞ ಕಾರೆಲ್ ವೆಂಕೆಬಾಖ್ ಅವರಲ್ಲಿಗೆ ವರ್ತಕನೊಬ್ಬ ಬಂದ. ನಾಡಿ ಹಿಡಿದು ನೋಡಿದರೆ ಅದಕ್ಕೆ ತಾಳವಿಲ್ಲ, ಲಯವಿಲ್ಲ. ಎರಡು ಬಡಿತ ಬೇಗಬೇಗನೆ ಬಿದ್ದರೆ ಮೂರನೆಯದು ತಡವಾಗಿ, ನಾಲ್ಕನೆಯದು ಇದೆಯೋ ಇಲ್ಲವೋ ಎಂಬಂತೆ ಕ್ಷೀಣವಾಗಿ. ಇದನ್ನು ಖಂಡಿತವಾಗಿ ನಿಲ್ಲಿಸುವ ಮದ್ದು ತಮ್ಮಲ್ಲಿಲ್ಲವೆಂದು ವೈದ್ಯರು ಒಪ್ಪಿಕೊಂಡರು. ಹಾಗಾದರೆ ತಾನೇ ಅದನ್ನು ನಿಲ್ಲಿಸಿಕೊಂಡು ಬರುವೆನೆಂದು ಹೇಳಿ ವರ್ತಕ ಹೊರಟುಹೋದ. ಮರುದಿನ ಬೆಳಗ್ಗೆ ಅವನು ಬಂದಾಗ ನಾಡಿ ಗಡಿಯಾರದಂತೆ ನಡೆಯುತ್ತಿತ್ತು! ಅವನು ನುಂಗಿದ್ದು ಒಂದು ಗ್ರಾಂ ಕ್ವಿನೈನು. ನಮ್ಮ ಮಲೆನಾಡಿನ ಹಿರಿಯರು ಚಳಿಜ್ವರಕ್ಕೆ ಮುಖ ಸಿಂಡರಿಸಿಕೊಂಡು ನುಂಗುತ್ತಿದ್ದ ಅದೇ ಕಹಿಮದ್ದು.

ಇಂಥ ಸಂದರ್ಭದಲ್ಲಿ ವೈದ್ಯನಾದವನು ಎರಡು ಬಗೆಯಲ್ಲಿ ನಡೆದುಕೊಳ್ಳಬಹುದಿತ್ತು. ಇದು ಕಾಕತಾಳೀಯವೆಂದು ನಕ್ಕು ಕಳುಹಿಸಬಹುದಿತ್ತು. ಇಲ್ಲವೆ, ಕೊನೆಗೂ ಮದ್ದು ಸಿಕ್ಕಿತೆಂದು ಡಂಗುರ ಸಾರಬಹುದಿತ್ತು. ವೆಂಕೆಬಾಖ್ ಎರಡನ್ನೂ ಮಾಡಲಿಲ್ಲ. ಅದೇ ಕಾಯಿಲೆಯ ಬೇರೆ ರೋಗಿಗಳಿಗೂ ಕ್ವಿನೈನು ಕೊಟ್ಟು ನೋಡಿದರು. ಕೆಲವರಲ್ಲಿ ಮಾತ್ರ ಗುಣ ಕಂಡಿತು, ಹೆಚ್ಚಿನವರಲ್ಲಿ ಕಾಣಲಿಲ್ಲ. ಕಂಡದ್ದನ್ನು ಕಂಡಷ್ಟೇ 1914ರ ತಮ್ಮ ಗ್ರಂಥದಲ್ಲಿ ಬರೆದಿಟ್ಟರು. ಮುಂದೆ 1918ರಲ್ಲಿ ಜರ್ಮನಿಯ ವಾಲ್ಟರ್ ಫ್ರೈ ಎಂಬವರು ಸಿಂಕೋನಾ ಮರದ ತೊಗಟೆಯಿಂದ ದೊರೆಯುವ, ಕ್ವಿನೈನಿಗೆ ಒಡಹುಟ್ಟಿದಂತಿರುವ ವಸ್ತುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಕ್ವಿನಿಡೀನ್ ಎಂಬುದಕ್ಕೆ ಈ ಗುಣ ಹೆಚ್ಚಾಗಿದೆಯೆಂದು ತೋರಿಸಿದರು. ವರ್ತಕನೊಬ್ಬನ ಸ್ವಂತ ಔಷಧವು ಹೀಗೆ ವೈದ್ಯರ ಪೆಟ್ಟಿಗೆಯನ್ನು ಸೇರಿತು.

ಈ ಹಳೆಯ ಕಥೆ ಈಗೇಕೆ ಎಂದು ಓದುಗರು ಕೇಳಬಹುದು. ಇಂದು ಅಂಥದೇ ಇನ್ನೊಂದು ಮದ್ದು ವೈದ್ಯರ ಬಾಗಿಲಲ್ಲಿ ನಿಂತಿದೆ. ಅದು ನುಂಗುವ ಗುಳಿಗೆಯಲ್ಲ, ಚುಚ್ಚುವ ಸೂಜಿ. ಚೀನದೇಶದ ಪ್ರಾಚೀನ ಸೂಜಿಚಿಕಿತ್ಸೆ, ಎಂದರೆ ಅಕ್ಯುಪಂಕ್ಚರ್, ತಾಳತಪ್ಪಿದ ಹೃದಯವನ್ನು ಸರಿದಾರಿಗೆ ತರುವುದೆಂದು ಕೆಲವರು ಹೇಳುತ್ತಾರೆ. ಮನೆಯಲ್ಲಿ ಹಿರಿಯರೊಬ್ಬರಿಗೆ ಇಂಥ ಕಾಯಿಲೆ ಇದೆಯೆಂದು ತಿಳಿದರೆ ಸಾಕು, ಯಾರಿಗೋ ಸೂಜಿಯಿಂದ ವಾಸಿಯಾಯಿತಂತೆ ಎಂಬ ಸುದ್ದಿಯನ್ನು ಹೊತ್ತು ನೆಂಟರು ಬಂದೇ ಬರುತ್ತಾರೆ. ಅವರ ಕಳಕಳಿ ಪ್ರಾಮಾಣಿಕವಾದದ್ದು; ಅವರ ಸುದ್ದಿಯೂ ಸುಳ್ಳಾಗಿರಬೇಕೆಂದಿಲ್ಲ. ಆದರೆ ‘ವಾಸಿಯಾಯಿತಂತೆ’ ಎಂಬುದಕ್ಕೂ ‘ವಾಸಿಮಾಡುತ್ತದೆ’ ಎಂಬುದಕ್ಕೂ ನಡುವೆ ಇರುವ ದೂರವನ್ನು ಹೇಗೆ ಅಳೆಯಬೇಕು? ಈ ವಾರ ಅದನ್ನೇ ವಿಚಾರಿಸೋಣ.

ಮೊದಲು ಹೃದಯದ ಮಾತು. ನಮ್ಮ ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದಕ್ಕೆ ತಾಳ ಹಾಕುವವನು ಹೊರಗಿನವನಲ್ಲ, ಹೃದಯದೊಳಗೇ ಕುಳಿತಿದ್ದಾನೆ. ಬಲಗಡೆಯ ಮೇಲಂಕಣದಲ್ಲಿರುವ ಒಂದು ಸಣ್ಣ ಮಾಂಸದ ಗಂಟಿನಿಂದ ಪ್ರತಿಯೊಂದು ಬಡಿತದ ವಿದ್ಯುತ್ ಪ್ರೇರಣೆಯೂ ಹೊರಡುತ್ತದೆ. ಈ ಗಂಟನ್ನು 1907ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಕಂಡುಹಿಡಿದರು. ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಗಂಟಿನ ಅಪ್ಪಣೆ ಮೊದಲು ಮೇಲಿನವಕ್ಕೆ, ಅನಂತರ ಕೆಳಗಿನವಕ್ಕೆ ತಲಪಿ, ಎರಡೂ ಸರದಿಯ ಪ್ರಕಾರ ಕುಗ್ಗಿದರೆ ಹೃದಯದ ತಾಳ ಸರಿಯಾಗಿದೆಯೆಂದು ಅರ್ಥ.

ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಈ ವ್ಯವಸ್ಥೆ ಕೆಡುತ್ತದೆ. ಹೃತ್ಕರ್ಣದ ಮೂಲೆಮೂಲೆಯಿಂದಲೂ ಅಪ್ಪಣೆಗಳು ಹೊರಡತೊಡಗುತ್ತವೆ. ನಿಮಿಷಕ್ಕೆ 300ಕ್ಕೂ ಮೇಲೆ. ಆಗ ಹೃತ್ಕರ್ಣವು ಕುಗ್ಗುವುದನ್ನು ಬಿಟ್ಟು, ಗಾಳಿಗೆ ಸಿಕ್ಕ ಅರಳಿ ಎಲೆಯಂತೆ ಸುಮ್ಮನೆ ಅದುರುತ್ತದೆ. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ನಾವು ಹೃತ್ಕರ್ಣಕಂಪ ಎನ್ನೋಣ. ಕೆಲವರಿಗೆ ಎದೆ ಢವಢವಗುಟ್ಟುತ್ತದೆ, ಮೆಟ್ಟಲು ಹತ್ತಿದರೆ ಏದುಸಿರು ಬರುತ್ತದೆ, ತಲೆ ಹಗುರಾಗುತ್ತದೆ. ಕೆಲವರಿಗೆ ಏನೂ ತಿಳಿಯುವುದೇ ಇಲ್ಲ.

ತಿಳಿಯದಿದ್ದರೂ ಅಪಾಯ ತಪ್ಪಿದ್ದಲ್ಲ. ಅದುರುವ ಕೋಣೆಯಲ್ಲಿ ರಕ್ತ ಸರಿಯಾಗಿ ಹರಿಯದೆ ನಿಲ್ಲುತ್ತದೆ. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಒಂದು ತುಣುಕು ಕಳಚಿ ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು ಬಡಿಯುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಆರಂಭವಾದ ದೀರ್ಘ ಅಧ್ಯಯನವು, ಹೃತ್ಕರ್ಣಕಂಪವಿರುವವರಿಗೆ ಪಾರ್ಶ್ವವಾಯುವಿನ ಸಂಭವ ಇತರರಿಗಿಂತ ಸುಮಾರು 5 ಪಟ್ಟು ಹೆಚ್ಚೆಂದು ತೋರಿಸಿತು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ಕವಾಟ ಕೆಟ್ಟವರಲ್ಲಂತೂ ಅದು 17 ಪಟ್ಟು. ಆದುದರಿಂದ ಈ ಕಾಯಿಲೆಯ ಚಿಕಿತ್ಸೆಯಲ್ಲಿ ಎರಡು ಬೇರೆಬೇರೆ ಕೆಲಸಗಳಿವೆ. ತಾಳವನ್ನು ಸರಿಪಡಿಸುವುದು ಒಂದು; ಹೆಪ್ಪುಗಟ್ಟದಂತೆ ರಕ್ತವನ್ನು ಕಾಯುವುದು ಇನ್ನೊಂದು. ಈ ಭೇದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಇನ್ನು ಸೂಜಿಯ ಮಾತು. ಶರೀರದಲ್ಲಿ ಪ್ರಾಣಶಕ್ತಿ ಹರಿಯುವ ನಾಲೆಗಳಿವೆ, ಅವುಗಳ ಮೇಲಿನ ಗೊತ್ತಾದ ಬಿಂದುಗಳನ್ನು ಚುಚ್ಚಿದರೆ ಆ ಹರಿವು ಸರಿಹೋಗುತ್ತದೆ ಎಂಬುದು ಚೀನೀ ವೈದ್ಯರ ಸಿದ್ಧಾಂತ. ಹೃದಯದ ತೊಂದರೆಗೆ ಅವರು ಮುಖ್ಯವಾಗಿ ಆರಿಸುವ ಬಿಂದುವಿಗೆ ‘ನೇಯ್‌ಗ್ವಾನ್’ ಎಂದು ಹೆಸರು. ಅಂಗೈಯನ್ನು ಮೇಲಕ್ಕೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈಯ ಕಡೆಗೆ ಮೂರು ಬೆರಳಗಲ ಅಳೆದರೆ, ಎರಡು ಸ್ನಾಯುರಜ್ಜುಗಳ ನಡುವೆ ಅದು ಸಿಕ್ಕುತ್ತದೆ. ಚುಚ್ಚುವ ಸೂಜಿ ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೆ. ನಮ್ಮ ದೇಶಕ್ಕೆ ಈ ವಿದ್ಯೆಯನ್ನು ತಂದವರಲ್ಲಿ ಮೊದಲಿಗರು ಕಲ್ಕತ್ತೆಯ ಡಾಕ್ಟರ್ ಬಿಜಯಕುಮಾರ ಬಸು. 1938ರಲ್ಲಿ ಯುದ್ಧಪೀಡಿತ ಚೀನಕ್ಕೆ ಸೇವೆಗೆಂದು ಹೋದ ಐವರು ಭಾರತೀಯ ವೈದ್ಯರಲ್ಲಿ, ಡಾಕ್ಟರ್ ಕೋಟ್ನೀಸರ ಜೊತೆಗಾರರಾಗಿ, ಅವರೂ ಒಬ್ಬರು. 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು ಬಂದರು.

ಪ್ರಾಣಶಕ್ತಿಯ ನಾಲೆಗಳು ಶವಚ್ಛೇದನ ಮಾಡಿದ ಯಾರ ಕಣ್ಣಿಗೂ ಬಿದ್ದಿಲ್ಲ. ಹಾಗೆಂದು ಮಣಿಕಟ್ಟಿನ ಮೇಲಿನ ಸೂಜಿಗೂ ಹೃದಯಕ್ಕೂ ಸಂಬಂಧವೇ ಇರಲಾರದೆಂದು ಹೇಳುವಂತಿಲ್ಲ. ಆ ಬಿಂದುವಿನ ಅಡಿಯಲ್ಲಿ ಒಂದು ದೊಡ್ಡ ನರ ಹಾದುಹೋಗಿದೆ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿರುವ ವಿಶ್ವವಿದ್ಯಾನಿಲಯದಲ್ಲಿ ಜಾನ್ ಲಾಂಗ್‌ಹರ್ಸ್ಟ್ ಮತ್ತು ಸಂಗಡಿಗರು ಪ್ರಾಣಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ, ಅಲ್ಲಿ ಸೂಜಿಯ ಮೂಲಕ ಸಣ್ಣ ವಿದ್ಯುತ್ತನ್ನು ಹರಿಸಿದರೆ ಹೃದಯವನ್ನು ಉದ್ರೇಕಿಸುವ ನರಗಳ ಆವೇಗ ತಗ್ಗುತ್ತದೆಂದು ತೋರಿಸಿದ್ದಾರೆ. ಸಿದ್ಧಾಂತ ತಪ್ಪಾಗಿದ್ದೂ ಚಿಕಿತ್ಸೆ ಸರಿಯಾಗಿರಬಹುದು. ಸಿದ್ಧಾಂತ ಸೊಗಸಾಗಿದ್ದೂ ಚಿಕಿತ್ಸೆ ನಿಷ್ಫಲವಾಗಬಹುದು. ಆದುದರಿಂದ ವಾದದಿಂದ ಇದು ತೀರ್ಮಾನವಾಗುವುದಿಲ್ಲ, ಪರೀಕ್ಷೆಯಿಂದಲೇ ಆಗಬೇಕು.

ಪರೀಕ್ಷೆ ಎಂದರೆ ನೂರು ಜನರಿಗೆ ಸೂಜಿ ಚುಚ್ಚಿ ಎಷ್ಟು ಜನ ಸುಧಾರಿಸಿದರೆಂದು ಎಣಿಸಿದರೆ ಸಾಲದೆ? ಸಾಲದು. ಹೃತ್ಕರ್ಣಕಂಪವು ಬಹಳ ಜನರಲ್ಲಿ ಕರೆಯದೆ ಬರುವ, ಹೇಳದೆ ಹೋಗುವ ಅತಿಥಿ. ಕೆಲವು ಗಂಟೆಗಳಲ್ಲೋ ಕೆಲವು ದಿನಗಳಲ್ಲೋ ಅದು ತಾನಾಗಿ ನಿಂತುಬಿಡುವುದುಂಟು. ಮನುಷ್ಯನು ಚಿಕಿತ್ಸೆಗೆ ಓಡುವುದು ಕಾಯಿಲೆ ಜೋರಾಗಿರುವ ದಿನ. ಜೋರಾದದ್ದು ಅನಂತರ ಇಳಿಯಲೇಬೇಕು. ಇಳಿದಾಗ ಪಕ್ಕದಲ್ಲಿ ಯಾರಿದ್ದರೋ ಅವರಿಗೆ ಕೀರ್ತಿ. ಅಂದು ಸೂಜಿ ಚುಚ್ಚಿಸಿಕೊಂಡಿದ್ದರೆ ಸೂಜಿಗೆ, ಹರಕೆ ಹೊತ್ತಿದ್ದರೆ ದೇವರಿಗೆ, ಕಷಾಯ ಕುಡಿದಿದ್ದರೆ ಅಜ್ಜಿಗೆ. ಅಜ್ಜಿಯ ಕಷಾಯವೇ ಗುಣಮಾಡಿದ್ದು ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ, ಕಷಾಯ ಕುಡಿಯದೆ ಉಳಿದವರ ಗತಿ ಏನಾಯಿತೆಂದು ನೋಡುವುದೊಂದೇ ದಾರಿ.

ಇಟಲಿಯ ಮಿಲಾನ್ ನಗರದ ವೈದ್ಯರು ಈ ದಾರಿಯನ್ನೇ ಹಿಡಿದರು. ಆಲ್ಬೆರ್ತೋ ಲೊಮೂಷಿಯೊ, ಫೆಡೆರೀಕೊ ಲೊಂಬಾರ್ಡಿ ಮೊದಲಾದವರು ನಡೆಸಿದ ಆ ಪ್ರಯೋಗದ ವರದಿ 2011ರಲ್ಲಿ ಪ್ರಕಟವಾಯಿತು. ಅವರು ಆರಿಸಿಕೊಂಡದ್ದು ತಾನಾಗಿ ನಿಲ್ಲದಷ್ಟು ಬಲಿತ ಹೃತ್ಕರ್ಣಕಂಪವುಳ್ಳ 80 ರೋಗಿಗಳನ್ನು. ಇಂಥವರಿಗೆ ಎದೆಯ ಮೇಲೆ ಕ್ಷಣಮಾತ್ರದ ವಿದ್ಯುತ್ ಆಘಾತ ಕೊಟ್ಟು ತಾಳವನ್ನು ಸರಿದಾರಿಗೆ ತರುವ ಕ್ರಮವುಂಟು. ಆದರೆ ಹಾಗೆ ಬಂದ ತಾಳ ಬಹುಕಾಲ ನಿಲ್ಲದೆ ಮತ್ತೆ ಕೆಡುವುದು ಸಾಮಾನ್ಯ. ಅದು ಕೆಡದಂತೆ ಸೂಜಿ ತಡೆಯಬಲ್ಲುದೇ ಎಂಬುದು ಅವರ ಪ್ರಶ್ನೆ.

80 ಜನರಲ್ಲಿ 26 ಮಂದಿ ಮೊದಲಿನಿಂದಲೇ ಅಮಿಯೊಡರೋನ್ ಎಂಬ ಮಾತ್ರೆ ನುಂಗುತ್ತಿದ್ದವರು. ತಾಳವನ್ನು ಕಾಯುವ ಔಷಧಗಳಲ್ಲಿ ಇದು ಬಲಶಾಲಿ. ಆದರೆ ಥೈರಾಯಿಡ್ ಗ್ರಂಥಿಗೂ ಶ್ವಾಸಕೋಶಕ್ಕೂ ಕೇಡು ಮಾಡಬಲ್ಲದ್ದಾದ್ದರಿಂದ ಇದಕ್ಕೆ ಬದಲಿಯನ್ನು ರೋಗಿಗಳೂ ವೈದ್ಯರೂ ಹುಡುಕುತ್ತಲೇ ಇದ್ದಾರೆ. ಉಳಿದ 54 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಯಿತು. 17 ಮಂದಿಗೆ ನಿಜವಾದ ಸೂಜಿಚಿಕಿತ್ಸೆ, ವಾರಕ್ಕೊಮ್ಮೆಯಂತೆ 10 ಸಲ. 13 ಮಂದಿಗೆ ಅಷ್ಟೇ ಸಲ ಹುಸಿ ಸೂಜಿಚಿಕಿತ್ಸೆ. 24 ಮಂದಿಗೆ ಎರಡೂ ಇಲ್ಲ. ಹೀಗೆ ಒಂದು ವರ್ಷ ಕಾದು ನೋಡಿದರು. ತಾಳ ಮತ್ತೆ ಕೆಟ್ಟದ್ದು ಮಾತ್ರೆಯವರಲ್ಲಿ ಶೇಕಡಾ 27, ನಿಜಸೂಜಿಯವರಲ್ಲಿ 35, ಹುಸಿಸೂಜಿಯವರಲ್ಲಿ 69, ಏನೂ ಇಲ್ಲದವರಲ್ಲಿ 54.

ಈ ನಾಲ್ಕು ಅಂಕಿಗಳನ್ನು ಓಡುನೋಟದಲ್ಲಿ ನೋಡಿದವರು ಸೂಜಿ ಗೆದ್ದಿತೆಂದೇ ಹೇಳುತ್ತಾರೆ. ಬಲವಾದ ಮಾತ್ರೆಯ ಹತ್ತಿರಕ್ಕೆ ಅದು ಬಂದು ನಿಂತಿದೆಯಲ್ಲವೆ? ನಿಧಾನಿಸೋಣ. ಶೇಕಡಾವಾರು ಲೆಕ್ಕವು ಸಣ್ಣ ಸಂಖ್ಯೆಗೆ ದೊಡ್ಡ ಅಂಗಿ ತೊಡಿಸುತ್ತದೆ. ಅಂಗಿಯನ್ನು ಕಳಚಿ ಒಳಗಿನ ತಲೆಗಳನ್ನು ಎಣಿಸಬೇಕು. ನಿಜಸೂಜಿಯ 17 ಮಂದಿಯಲ್ಲಿ ತಾಳ ಕೆಟ್ಟದ್ದು 6 ಮಂದಿಗೆ. ಹುಸಿಸೂಜಿಯ 13ರಲ್ಲಿ 9 ಮಂದಿಗೆ. ಏನೂ ಇಲ್ಲದ 24ರಲ್ಲಿ 13 ಮಂದಿಗೆ. ನಿಜಸೂಜಿಯವರಲ್ಲಿ ಇನ್ನಿಬ್ಬರ ಹೃದಯ ಕೈಕೊಟ್ಟಿದ್ದರೆ ಶೇಕಡಾ 35 ಎಂಬುದು 47ಕ್ಕೆ ಏರುತ್ತಿತ್ತು. ಹುಸಿಸೂಜಿಯವರಲ್ಲಿ ಇಬ್ಬರು ಪಾರಾಗಿದ್ದರೆ 69 ಎಂಬುದು 54ಕ್ಕೆ ಇಳಿದು, ಏನೂ ಇಲ್ಲದವರಿಗೆ ಸಮನಾಗುತ್ತಿತ್ತು. ಆ ಕಡೆ ಇಬ್ಬರು, ಈ ಕಡೆ ಇಬ್ಬರು. ಇಷ್ಟರ ಮೇಲೆ ಒಂದು ಚಿಕಿತ್ಸೆಯ ಹಣೆಬರಹವನ್ನು ಬರೆಯಬಹುದೆ?

ಇನ್ನೊಂದು ಸ್ವಾರಸ್ಯವನ್ನೂ ಗಮನಿಸಬೇಕು. ಹುಸಿಸೂಜಿಯವರ ಗತಿ ಏನೂ ಇಲ್ಲದವರಿಗಿಂತ ಕೆಟ್ಟದಾಯಿತು. ಅಂತರ ಶೇಕಡಾ 15. ಹುಸಿಸೂಜಿ ಹೃದಯವನ್ನು ಕೆಡಿಸಿತೆಂದು ಯಾರೂ ವಾದಿಸಲಾರರು. ಹಾಗಾದರೆ ಈ 15 ಎಲ್ಲಿಂದ ಬಂತು? ಬಹುಮಟ್ಟಿಗೆ ಆಕಸ್ಮಿಕದಿಂದ. ಗುಂಪುಗಳು ಚಿಕ್ಕದಾಗಿದ್ದಾಗ ಆಕಸ್ಮಿಕವು ಅಂಕಿಗಳನ್ನು ಇಷ್ಟು ದೂರಕ್ಕೆ ಎಳೆದಾಡಬಲ್ಲುದು. ಈಗ ನಿಜಸೂಜಿಗೂ ಏನೂ ಇಲ್ಲದಿರುವುದಕ್ಕೂ ನಡುವಿನ ಅಂತರವನ್ನು ನೋಡಿ: 54ರಲ್ಲಿ 35 ಹೋದರೆ 19. ನಿಷ್ಫಲವೆಂದೇ ಎಣಿಸಬೇಕಾದ ಎರಡು ಗುಂಪುಗಳ ನಡುವೆಯೇ 15ರ ಅಂತರ ಬರುವ ಕಡೆ, 19ರ ಅಂತರಕ್ಕೆ ನಾವು ಎಷ್ಟು ಬೆಲೆ ಕಟ್ಟಬೇಕು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂದು ನಮ್ಮ ಗೃಹಿಣಿಯರು ಬಲ್ಲರು. ಆದರೆ ಅದು ಸಾಕಾಗುವುದು ಎಲ್ಲ ಅಗುಳೂ ಒಂದೇ ಅಕ್ಕಿಯವು, ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ ಕುದಿಯುತ್ತಿರುವುದರಿಂದ. ಮನುಷ್ಯರ ಹೃದಯಗಳು ಹಾಗಲ್ಲ. ಒಬ್ಬರಿಗೆ ರಕ್ತದೊತ್ತಡ, ಒಬ್ಬರಿಗೆ ಕವಾಟದ ದೋಷ, ಒಬ್ಬರಿಗೆ ಥೈರಾಯಿಡ್, ಮತ್ತೊಬ್ಬರಿಗೆ ಕುಡಿತ. ಒಂದೊಂದು ಅಗುಳೂ ಬೇರೆ ಬೇರೆ ಪಾತ್ರೆಯದು. ಇಲ್ಲಿ ನೂರಾರು ಅಗುಳುಗಳನ್ನು ಹಿಸುಕದೆ ಅಡುಗೆಯಾಯಿತೆಂದು ಹೇಳಲಾಗದು.

ಮಾತ್ರೆಯವರೊಡನೆ ಮಾಡಿದ ಹೋಲಿಕೆಯಂತೂ ಇನ್ನೂ ದುರ್ಬಲ. ಆ 26 ಮಂದಿ ಚೀಟಿಯಿಂದ ಆರಿಸಲ್ಪಟ್ಟವರಲ್ಲ, ಬೇರೆ ಕಾರಣಕ್ಕಾಗಿ ಮೊದಲೇ ಆ ಮಾತ್ರೆಯನ್ನು ಪಡೆಯುತ್ತಿದ್ದವರು. ಇಬ್ಬರ ಓಟವನ್ನು ಹೋಲಿಸಬೇಕಾದರೆ ಇಬ್ಬರೂ ಒಂದೇ ಗೆರೆಯಿಂದ ಹೊರಡಬೇಕಷ್ಟೆ.

ಹುಸಿಸೂಜಿ ಎಂದರೇನೆಂದು ಓದುಗರಿಗೆ ಕುತೂಹಲವಿರಬಹುದು. ಬಿಂದುವಲ್ಲದ ಕಡೆ ಚುಚ್ಚುವುದು ಒಂದು ಕ್ರಮ. ಇನ್ನೊಂದು ಉಪಾಯವನ್ನು ಜರ್ಮನಿಯ ಹೈಡಲ್‌ಬರ್ಗಿನ ವೈದ್ಯ ಕೊನ್ರಾಡ್ ಸ್ಟ್ರೈಟ್‌ಬೆರ್ಗರ್ 1998ರಲ್ಲಿ ಪ್ರಕಟಿಸಿದರು. ನಾಟಕದ ಕಂಪೆನಿಯ ಕಠಾರಿಯನ್ನು ಎದೆಗಿರಿದಾಗ ಅಲಗು ಹಿಡಿಯೊಳಗೆ ಸೇರಿಕೊಳ್ಳುವುದಲ್ಲವೆ? ಅದೇ ಯುಕ್ತಿ. ಸೂಜಿಯ ಮೊಂಡುತುದಿ ಚರ್ಮಕ್ಕೆ ತಾಗುತ್ತದೆ, ಒಳಹೊಕ್ಕಂತೆ ಕಾಣುತ್ತದೆ, ಹೊಗುವುದಿಲ್ಲ. ರೋಗಿಗೆ ಭೇದ ತಿಳಿಯದು. ಆದರೆ ಚುಚ್ಚುವವನಿಗೆ ತಿಳಿದೇ ಇರುತ್ತದೆ. ಅವನ ಮುಖದ ಉತ್ಸಾಹವನ್ನು, ಮಾತಿನ ಧೈರ್ಯವನ್ನು ಮರೆಮಾಡುವ ಉಪಾಯ ಸುಲಭವಲ್ಲ. ಗುಳಿಗೆಯ ಪರೀಕ್ಷೆಯಲ್ಲಿ ಕೊಡುವವನ ಕಣ್ಣಿಗೂ ಬಟ್ಟೆ ಕಟ್ಟಬಹುದು. ಸೂಜಿಯ ಪರೀಕ್ಷೆಯಲ್ಲಿ ಅದು ಕಷ್ಟ.

ಇಷ್ಟೆಲ್ಲ ಎಚ್ಚರ ಏಕೆ ಬೇಕೆಂಬುದಕ್ಕೆ ಜರ್ಮನಿಯದೇ ಇನ್ನೊಂದು ಪರೀಕ್ಷೆ ಸಾಕ್ಷಿ. ಹಳೆಯ ಬೆನ್ನುನೋವಿನ 1,162 ರೋಗಿಗಳ ಮೇಲೆ ನಡೆದ ಅದರ ಫಲ 2007ರಲ್ಲಿ ಹೊರಬಂತು. ಆರು ತಿಂಗಳ ಬಳಿಕ ನಿಜಸೂಜಿಯಿಂದ ಸುಧಾರಿಸಿದವರು ಶೇಕಡಾ 47.6; ಹುಸಿಸೂಜಿಯಿಂದ 44.2, ವಾಡಿಕೆಯ ಔಷಧ ಮತ್ತು ವ್ಯಾಯಾಮದಿಂದ 27.4. ಹುಸಿಸೂಜಿಯ ಗುಂಪು ಇಲ್ಲದಿದ್ದರೆ ಲೋಕವೆಲ್ಲ ಬಿಂದುಗಳ ಮಹಿಮೆಯನ್ನು ಕೊಂಡಾಡುತ್ತಿತ್ತು. ಇದ್ದುದರಿಂದ ತಿಳಿದದ್ದೇನೆಂದರೆ, ಗುಣದ ಬಹುಪಾಲು ಬಿಂದುವಿನದಲ್ಲ; ಮಲಗಿಸಿ, ಮಾತನಾಡಿಸಿ, ಕೈಯಿಟ್ಟು ಮಾಡುವ ಆರೈಕೆಯದು. ಅದು ಹುಸಿಯೆಂದು ಹೇಳುತ್ತಿಲ್ಲ. ನೋವು ಕಡಿಮೆಯಾದದ್ದು ನಿಜವೇ. ಆದರೆ ನೋವನ್ನು ರೋಗಿಯೇ ಹೇಳಬೇಕು. ಹೃದಯದ ತಾಳವನ್ನು ಯಂತ್ರ ಬರೆದು ತೋರಿಸುತ್ತದೆ. ಹೆಪ್ಪುಗಟ್ಟುವ ರಕ್ತಕ್ಕೆ ನಮ್ಮ ನಂಬಿಕೆ ತಿಳಿಯದು.

ಹಾಗಾದರೆ ತಾಳ ಸರಿಹೋದರೆ ಎಲ್ಲವೂ ಸರಿಹೋಯಿತೆ? ಇಲ್ಲಿ ಕ್ವಿನಿಡೀನಿನ ಉತ್ತರಕಥೆಯನ್ನು ಹೇಳಬೇಕು. ದಶಕಗಳ ಕಾಲ ವೈದ್ಯರು ಅದನ್ನು ನಿಶ್ಚಿಂತೆಯಿಂದ ಬಳಸಿದರು. 1990ರಲ್ಲಿ ಅಮೆರಿಕದ ಕೆಲವು ವೈದ್ಯರು 6 ಪರೀಕ್ಷೆಗಳ 808 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದರು. ವರ್ಷದ ಕೊನೆಗೆ ತಾಳ ಸರಿಯಾಗಿ ಉಳಿದವರು ಕ್ವಿನಿಡೀನ್ ಪಡೆದವರಲ್ಲಿ ಶೇಕಡಾ 50, ಪಡೆಯದವರಲ್ಲಿ 25. ಇಮ್ಮಡಿ ಫಲ! ಆದರೆ ಸತ್ತವರು? ಪಡೆದವರಲ್ಲಿ ಶೇಕಡಾ 2.9, ಪಡೆಯದವರಲ್ಲಿ 0.8. ತಾಳವನ್ನು ಸರಿಪಡಿಸುತ್ತಿದ್ದ ಮದ್ದೇ ಕೆಲವರಲ್ಲಿ ಇನ್ನೂ ಭಯಂಕರವಾದ ತಾಳಭಂಗವನ್ನು ಹುಟ್ಟಿಸುತ್ತಿತ್ತು. ವರ್ತಕನ ಮಾತು ಸುಳ್ಳಾಗಿರಲಿಲ್ಲ, ಫ್ರೈ ಅವರ ಶೋಧನೆಯೂ ಸುಳ್ಳಾಗಿರಲಿಲ್ಲ. ಎಣಿಸಬೇಕಾದದ್ದನ್ನು ಎಣಿಸುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. ಸೂಜಿಗೆ ಒಂದು ನ್ಯಾಯ, ಗುಳಿಗೆಗೆ ಒಂದು ನ್ಯಾಯ ಎಂಬುದಿಲ್ಲ. ಹಳೆಯದೆಂದು ಒಪ್ಪುವುದೂ ಸಲ್ಲದು, ಪರದೇಶದ್ದೆಂದು ತಳ್ಳುವುದೂ ಸಲ್ಲದು. ಡಾಕ್ಟರು ಬರೆದುಕೊಟ್ಟರೆಂಬ ಮಾತ್ರಕ್ಕೆ ಪರೀಕ್ಷೆಯಿಂದ ವಿನಾಯಿತಿಯೂ ಇಲ್ಲ.

ಸೂಜಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಮಿಲಾನಿನ ರೋಗಿಗಳು ಅದನ್ನು ತೊಂದರೆಯಿಲ್ಲದೆ ಸಹಿಸಿದರು. ಇಷ್ಟು ಕಡಿಮೆ ಅಪಾಯದ ಚಿಕಿತ್ಸೆಯಲ್ಲಿ ಸ್ವಲ್ಪವೇ ಗುಣವಿದ್ದರೂ ಅದು ದೊಡ್ಡ ಲಾಭ. ಆದುದರಿಂದಲೇ ಅದು ದೊಡ್ಡ ಪರೀಕ್ಷೆಗೆ ಯೋಗ್ಯವಾದದ್ದು. ನೂರಾರು ರೋಗಿಗಳು ಬೇಕು. ಗುಂಪುಗಳನ್ನು ಚೀಟಿಯೇ ಆರಿಸಬೇಕು. ಹುಸಿಸೂಜಿಯವರಿಗೂ ಅಷ್ಟೇ ಹೊತ್ತಿನ ವಿಶ್ರಾಂತಿ, ಅಷ್ಟೇ ಸವಿಮಾತು ದೊರೆಯಬೇಕು. ತಾಳವನ್ನು ಓದುವವರಿಗೆ ಯಾರು ಯಾವ ಗುಂಪಿನವರೆಂದು ತಿಳಿಯಬಾರದು. ಮತ್ತು ಕೇವಲ ತಾಳವನ್ನಲ್ಲ, ಪಾರ್ಶ್ವವಾಯುವನ್ನೂ ಸಾವನ್ನೂ ಎಣಿಸಬೇಕು.

ಅಲ್ಲಿಯವರೆಗೆ ಮನೆಯವರು ಮಾಡಬೇಕಾದದ್ದೇನು? ಸೂಜಿ ಚುಚ್ಚಿಸಿಕೊಳ್ಳಬೇಕೆಂದು ಹಿರಿಯರು ಬಯಸಿದರೆ ಜಗಳವಾಡಬೇಕಾಗಿಲ್ಲ. ಹೃದಯದ ವೈದ್ಯರಿಗೆ ಮೊದಲು ತಿಳಿಸಿರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುತ್ತಿರುವವರು ಆ ಸಂಗತಿಯನ್ನು ಸೂಜಿ ಚುಚ್ಚುವವರಿಗೂ ಹೇಳಬೇಕು; ಚುಚ್ಚಿದ ಕಡೆ ರಕ್ತ ಒಸರಿ ಕಂದುಗಟ್ಟುವ ಸಂಭವವುಂಟು. ಎದೆಯೊಳಗೆ ಪೇಸ್‌ಮೇಕರ್ ಇಟ್ಟುಕೊಂಡವರಿಗೆ ವಿದ್ಯುತ್ ಹರಿಸುವ ಸೂಜಿ ತಕ್ಕದ್ದಲ್ಲ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಕೂಡದು. ಹೊಸ ಸೂಜಿಯ ಲಕೋಟೆಯನ್ನು ಕಣ್ಣೆದುರಿಗೇ ಒಡೆಯಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹತ್ತು ವಾರ ಸೂಜಿ ಚುಚ್ಚಿಸಿಕೊಂಡು, ಎದೆಯ ಢವಢವ ನಿಂತು, ಮನಸ್ಸು ಹಗುರಾದಾಗ, ಇನ್ನು ಆ ಮಾತ್ರೆ ಏಕೆಂದು ಅನ್ನಿಸುವುದು ಸಹಜ. ಅಪಾಯವಿರುವುದು ಅಲ್ಲಿಯೇ. ಈ ಲೇಖನದ ಮೊದಲಲ್ಲಿ ಎರಡು ಕೆಲಸಗಳೆಂದು ಹೇಳಿದೆನಲ್ಲವೆ? ಸೂಜಿಯ ಪರೀಕ್ಷೆ ನಡೆದಿರುವುದು ಮೊದಲನೆಯದಕ್ಕೆ, ತಾಳಕ್ಕೆ. ಹೆಪ್ಪನ್ನು ತಡೆಯುವ ಎರಡನೆಯ ಕೆಲಸಕ್ಕೆ ಅದು ಬದಲಿಯಲ್ಲ. ವಾರ್ಫರಿನ್ನಿನಂಥ ಮಾತ್ರೆಗಳು ಪಾರ್ಶ್ವವಾಯುವಿನ ಸಂಭವವನ್ನು ಸುಮಾರು ಮೂರನೆಯ ಎರಡು ಪಾಲು ತಗ್ಗಿಸುತ್ತವೆಂಬುದು ಸಾವಿರಾರು ರೋಗಿಗಳ ಮೇಲೆ ನಡೆದ ಪರೀಕ್ಷೆಗಳಿಂದ ಸ್ಥಿರಪಟ್ಟಿದೆ. ಕಂಪವು ತಿಳಿಯದಂತೆಯೂ ಬರಬಲ್ಲುದು, ಹೆಪ್ಪೂ ಹಾಗೆಯೇ. ಆ ಮಾತ್ರೆಯನ್ನು ನಿಲ್ಲಿಸುವ ಅಧಿಕಾರ ಅದನ್ನು ಬರೆದುಕೊಟ್ಟ ವೈದ್ಯರಿಗೆ ಮಾತ್ರ ಇರಲಿ. ನೆಂಟರು ಮುಂದಿನ ಸಲ ಶುಭವಾರ್ತೆ ತಂದಾಗ ಕಾಫಿ ಕೊಟ್ಟು, ಆದರದಿಂದ ಕೇಳಿ, ಒಂದೇ ಪ್ರಶ್ನೆ ಹಾಕಿರಿ: ಸೂಜಿ ಚುಚ್ಚಿಸಿಕೊಳ್ಳದವರಿಗೆ ಏನಾಯಿತು?